ಜ್ವರ ಇಲ್ಲ, ಆದರೂ ರಜೆ ಬೇಕು: ಹಾಕುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಬೆಳಿಗ್ಗೆ ಅಲಾರಾಂ ಹೊಡೆದಾಗ ಹಣೆ ಮುಟ್ಟಿ ನೋಡಿಕೊಂಡು, ಜ್ವರ ಇಲ್ಲ ಅಂತ ಗೊತ್ತಾಗಿ ಬೇಜಾರಾಯಿತಾ? ಹಾಗಿದ್ದರೆ ನಿಮಗೆ ರಜೆ ಬೇಕು. ಜ್ವರವಾದರೂ ಬರಬಾರದಾ, ಕ್ಯಾಬ್ ಆದರೂ ಕೆಟ್ಟು ನಿಲ್ಲಬಾರದಾ, ಯಾರಾದರೂ ಬಂದ್ ಆದರೂ ಕರೆಯಬಾರದಾ ಅಂತ ಅನ್ನಿಸುವವರೆಗೂ ತಳ್ಳಿಕೊಂಡು ಹೋಗುವವರೇ ನಮ್ಮಲ್ಲಿ ಜಾಸ್ತಿ. ಕಾಲು ಉಳುಕಿದರೆ ರಜೆ ಕೇಳಲು ಯಾರಿಗೂ ಸಂಕೋಚ ಇಲ್ಲ. ತಲೆ ಓಡುತ್ತಿಲ್ಲ, ಯಾರ ಮುಖವೂ ನೋಡುವುದು ಬೇಡ ಅನ್ನಿಸಿದರೆ ಮಾತ್ರ ಒಂದು ಲೋಟ ಕಾಫಿ ಕುಡಿದು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತೇವೆ.

ಇದು ಅಂಥ ಒಂದು ದಿನದ ರಜೆಯ ಬಗ್ಗೆ. ಯಾವಾಗ ಹಾಕಬೇಕು, ಯಾವ ರಜೆ ಹಾಕಬೇಕು, ಏನು ಬರೆಯಬೇಕು, ಆಮೇಲೆ ಆ ದಿನವನ್ನು ಏನು ಮಾಡಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಜೆ ಹೇಗೋ ಸಿಗುತ್ತದೆ. ಸಿಕ್ಕ ರಜೆ ಫೋನಿನ ಪಾಲೋ ಮನೆಗೆಲಸದ ಪಾಲೋ ಆಗದಂತೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದಕ್ಕೇ ಆ ಭಾಗ ಇಲ್ಲಿ ಸ್ವಲ್ಪ ಉದ್ದ ಇದೆ.

ಯಾವಾಗ ಹಾಕಬೇಕು

ಪೂರ್ತಿ ಕುಸಿದ ಮೇಲೆ ಹಾಕುವ ರಜೆಯಿಂದ ಹೆಚ್ಚು ಉಪಯೋಗ ಇಲ್ಲ. ಆ ದಿನ ಫ್ಯಾನ್ ನೋಡುತ್ತಾ ಮಲಗುವುದರಲ್ಲೇ ಮುಗಿಯುತ್ತದೆ. ಸ್ವಲ್ಪ ಮೊದಲೇ ಹಾಕಬೇಕು. ಮೊದಲೇ ಅಂದರೆ, ಒಂದೇ ಮೇಲ್ ಮೂರು ಸಲ ಓದಿದರೂ ಅವರು ಕೇಳಿದ್ದೇನು ಅಂತ ತಲೆಗೆ ಹೋಗದಿದ್ದಾಗ. ಭಾನುವಾರ ಮಧ್ಯಾಹ್ನ ಊಟ ಮುಗಿದ ಕೂಡಲೇ ಸೋಮವಾರ ನೆನಪಾಗಿ ಹೊಟ್ಟೆ ತೊಳೆಸಿದಂತೆ ಆದಾಗ. ಮಗು ನೀರು ಚೆಲ್ಲಿದ್ದಕ್ಕೆ ಮನೆ ಹಾರಿಹೋಗುವಂತೆ ಕಿರುಚಿ, ಆಮೇಲೆ ಅದರ ಮುಖ ನೋಡಲಾಗದೆ ಅಡುಗೆಮನೆಗೆ ಹೋಗಿ ನಿಂತಾಗ. ಬೇಕಾದ ಗೆಳೆಯನೇ ಫೋನ್ ಮಾಡುತ್ತಿದ್ದರೂ, ರಿಂಗ್ ನಿಲ್ಲುವವರೆಗೆ ಸುಮ್ನೆ ನೋಡುತ್ತಾ ಕುಳಿತಾಗ.

ಇದರಲ್ಲಿ ಯಾವುದೋ ಒಂದು ಯಾವತ್ತೋ ಒಮ್ಮೆ ಎಲ್ಲರಿಗೂ ಆಗುತ್ತದೆ. ಒಂದೇ ವಾರದಲ್ಲಿ ಎರಡು ಮೂರು ಸೇರಿಕೊಂಡರೆ ಕ್ಯಾಲೆಂಡರ್ ತೆಗೆಯಿರಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ಬರ್ನೌಟ್ ಅಂದರೆ ಏನು ಅಂತ ಬಿಡಿಸಿ ಬರೆಯಿತು. ಅದನ್ನು ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಜಾಗದ ಒತ್ತಡವನ್ನು ಬಹಳ ಕಾಲ ಸರಿಮಾಡದೆ ಬಿಟ್ಟಾಗ ಆಗುವ ಸ್ಥಿತಿ ಅಂದಿದೆ. ಅದಕ್ಕೆ ಮೂರು ಗುರುತು ಕೊಟ್ಟಿದೆ: ಸುಸ್ತು ಇಳಿಯುವುದೇ ಇಲ್ಲ, ಕೆಲಸದ ಮೇಲೆ ಒಂಥರಾ ತಾತ್ಸಾರ, ಏನಾದರೂ ಆಗಲಿ ನನಗೇನು ಅನ್ನುವ ಭಾವ ಬರುತ್ತದೆ, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸವೂ ಕೈಗೆ ಹತ್ತುವುದಿಲ್ಲ. ನೋಡಿ, ಇದರಲ್ಲಿ ಎರಡನೆಯದನ್ನು ನಾವು ಗುರುತಿಸುವುದೇ ಇಲ್ಲ. ಕ್ಯಾಂಟೀನಿನಲ್ಲಿ ದಿನವೂ ಆಫೀಸಿನ ಮೇಲೆ ಜೋಕು ಮಾಡುವವನನ್ನು ಬಹಳ ತಮಾಷೆಯ ಮನುಷ್ಯ ಅಂದುಕೊಳ್ಳುತ್ತೇವೆ. ಪಾಪ, ಅವನಿಗೇ ರಜೆ ಬೇಕಾಗಿರಬಹುದು.

ಒಂದು ಎಚ್ಚರಿಕೆ ಇದೆ. ನಾಳೆ ಹನ್ನೊಂದು ಗಂಟೆಗೆ ಒಂದು ರಿವ್ಯೂ ಇದೆ, ಅದನ್ನು ತಪ್ಪಿಸಿಕೊಳ್ಳಲು ಮಾತ್ರ ರಜೆ ಅಂತಾದರೆ ಹಾಕಬೇಡಿ. ಹೆದರಿಕೆಯ ಸ್ವಭಾವವೇ ಹಾಗೆ, ತಪ್ಪಿಸಿಕೊಂಡಷ್ಟೂ ಬೆಳೆಯುತ್ತದೆ. ಇವತ್ತು ರಿವ್ಯೂ ತಪ್ಪಿಸಿದರೆ ಇಡೀ ದಿನ ಅದೇ ಯೋಚನೆ, ಮರುದಿನ ಇನ್ನೂ ಜಾಸ್ತಿ. ಅದನ್ನು ಮುಗಿಸಿಯೇ ಬಿಡಿ, ರಜೆ ಮಾರನೆಯ ದಿನಕ್ಕೆ ಹಾಕಿ. ಮುಗಿದ ಕೆಲಸದ ಮಾರನೆಯ ದಿನದ ರಜೆಯ ರುಚಿಯೇ ಬೇರೆ.

ಒಂದು ದಿನ ಸಾಲದು ಅನ್ನಿಸಿದರೆ

ಇದನ್ನು ಕೊನೆಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ, ಅದಕ್ಕೆ ಇಲ್ಲೇ ಹೇಳುತ್ತೇನೆ. ಎರಡು ವಾರದಿಂದ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದೆ, ನಿದ್ದೆ ಇಲ್ಲ ಅಥವಾ ಎದ್ದೇಳಲೇ ಆಗುತ್ತಿಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಅದು ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಸರಿಮಾಡುವ ಸುಸ್ತಲ್ಲ. ಡಾಕ್ಟರ್ ನೋಡಬೇಕು. ಬದುಕುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಎರಡು ವಾರ ಕಾಯಬೇಡಿ, ಇವತ್ತೇ ಯಾರಿಗಾದರೂ ಹೇಳಿ.

ಯಾರಿಗೆ ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಇಡೀ ದೇಶದ ಈ ಸೇವೆಗೆ ಮುಖ್ಯ ಕೇಂದ್ರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ, ನಮ್ಮ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದ್ದೇ ಇದೆ. ಆಸ್ಪತ್ರೆ ಅಂದರೆ ಹಿಂಜರಿಕೆ ಅನ್ನುವವರಿಗೆ ಅದೇ ಸಂಸ್ಥೆಯ ಸೆಂಟರ್ ಫಾರ್ ವೆಲ್‌ಬೀಯಿಂಗ್ ಬಿಟಿಎಂ ಲೇಔಟ್‌ನಲ್ಲಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಅಂಥದ್ದೇ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಅಂದಹಾಗೆ, ಜಿಲ್ಲೆ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ಯೋಜನೆಯನ್ನು ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಆಮೇಲೆ ಅದೇ ಮಾದರಿ ದೇಶಕ್ಕೆಲ್ಲಾ ಹೋಯಿತು. ಹುಚ್ಚಾಸ್ಪತ್ರೆ ಅಂತ ಮೂಗು ಮುರಿಯುವ ನೆಂಟರಿಗೆ ಇದನ್ನೂ ಹೇಳಬಹುದು.

ಯಾವ ರಜೆ ಹಾಕಬೇಕು

ಈಗ ಲೆಕ್ಕಾಚಾರ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅಂಗಡಿ, ಹೋಟೆಲ್, ಖಾಸಗಿ ಆಫೀಸು, ಐಟಿ ಕಂಪನಿ ಎಲ್ಲವೂ ಇದರಡಿ ಬರುತ್ತವೆ. ಇದರ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳದ ರಜೆ ಸೇರುತ್ತದೆ, ಇದೇ ಇಎಲ್, ಅಂದರೆ ಗಳಿಕೆ ರಜೆ. ಅದಲ್ಲದೆ ವರ್ಷಕ್ಕೆ 12 ದಿನದವರೆಗೆ ಇನ್ನೊಂದು ಸಂಬಳದ ರಜೆ ಇದೆ. ಕಾಯಿಲೆಗೆ, ಅಪಘಾತಕ್ಕೆ, ಅಥವಾ ಬೇರೆ ಯಾವುದೇ ಸಕಾರಣಕ್ಕೆ ಅಂತ ಕಾಯ್ದೆಯಲ್ಲೇ ಇದೆ. ಈ ಹನ್ನೆರಡನ್ನೇ ಕಂಪನಿಗಳು ಸಿಎಲ್, ಕಾಯಿಲೆಗೆಂದೇ ಇರುವ ಎಸ್‌ಎಲ್ ಅಂತ ಬೇರೆ ಬೇರೆ ಹೆಸರಿನಲ್ಲಿ ಹಂಚಿರುತ್ತವೆ. ಮನಸ್ಸು ದಣಿದಿರುವುದು ಸಕಾರಣವೇ. ನೀವು ಯಾರ ಹತ್ತಿರವೂ ಭಿಕ್ಷೆ ಬೇಡುತ್ತಿಲ್ಲ, ನಿಮ್ಮ ಸಂಬಳದ ಜೊತೆಗೇ ಬಂದಿರುವುದನ್ನು ತೆಗೆದುಕೊಳ್ಳುತ್ತಿದ್ದೀರಿ.

ಸಾಮಾನ್ಯವಾಗಿ ಇಎಲ್ ಮುಂದಿನ ವರ್ಷಕ್ಕೆ ಹೋಗುತ್ತದೆ, ಕೆಲಸ ಬಿಡುವಾಗ ದುಡ್ಡಾಗಿಯೂ ಬರುತ್ತದೆ. ಸಿಎಲ್ ಬಹಳ ಕಡೆ ಡಿಸೆಂಬರ್ ಕೊನೆಗೆ ಸತ್ತುಹೋಗುತ್ತದೆ. ಆದ್ದರಿಂದ ಒಂದೊಂದು ದಿನದ ರಜೆಗೆ ಮೊದಲು ಸಿಎಲ್ ಖರ್ಚು ಮಾಡಿ, ಇಎಲ್ ಮುಟ್ಟಬೇಡಿ. ಹಾಗೇ ನಿಮ್ಮ ಕಂಪನಿಯಲ್ಲಿ ಸ್ಯಾಂಡ್‌ವಿಚ್ ನಿಯಮ ಇದೆಯಾ ನೋಡಿಕೊಳ್ಳಿ. ಇದ್ದರೆ ಶುಕ್ರವಾರ ಮತ್ತು ಸೋಮವಾರ ಎರಡೂ ರಜೆ ಹಾಕಿದಾಗ ನಡುವಿನ ಶನಿವಾರ ಭಾನುವಾರವೂ ರಜೆಯ ಲೆಕ್ಕಕ್ಕೆ ಸೇರಿ, ಎರಡು ದಿನಕ್ಕೆ ನಾಲ್ಕು ದಿನ ಕಳೆದುಕೊಳ್ಳುತ್ತೀರಿ. ನನ್ನ ಮಟ್ಟಿಗೆ ಬುಧವಾರವೇ ಚೆನ್ನ. ಎರಡು ದಿನ ಕೆಲಸ, ಒಂದು ದಿನ ರಜೆ, ಮತ್ತೆ ಎರಡು ದಿನ ಕೆಲಸ. ಮನೆಯವರೆಲ್ಲಾ ಅವರವರ ಕೆಲಸಕ್ಕೆ, ಶಾಲೆಗೆ ಹೋಗಿರುತ್ತಾರೆ, ಊರಿನಲ್ಲಿ ಎಲ್ಲೂ ಜನಜಂಗುಳಿ ಇರುವುದಿಲ್ಲ, ಮತ್ತು ಲಾಂಗ್ ವೀಕೆಂಡ್‌ಗೆ ಊರಿಗೆ ಹೊರಟಿದ್ದಾನೆ ಅಂತ ಮ್ಯಾನೇಜರ್‌ಗೆ ಅನುಮಾನವೂ ಬರುವುದಿಲ್ಲ.

ರಾಜ್ಯ ಸರ್ಕಾರಿ ನೌಕರರಿಗೆ 2019ರಲ್ಲಿ ನಾಲ್ಕನೇ ಶನಿವಾರದ ರಜೆ ಬಂದಾಗ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಹಾಗಾಗಿ ಅಲ್ಲಿ ಒಂದೊಂದನ್ನೂ ಎಣಿಸಿ ಬಳಸುತ್ತಾರೆ. ಹಬ್ಬಗಳ ಪಟ್ಟಿಯಿಂದ ನೀವೇ ಆರಿಸಿಕೊಳ್ಳುವ ಪರಿಮಿತ ರಜೆ ಮರೆಯಬೇಡಿ, ಹಬ್ಬ ಯಾರದ್ದಾದರೇನು, ದಿನ ನಿಮ್ಮದು. ಇನ್ನು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ಮುಟ್ಟಿನ ರಜೆ ಬೇರೆಯೇ ವಿಷಯ. ಅದು ಹೊಟ್ಟೆನೋವು, ಸೊಂಟನೋವಿನ ದಿನಕ್ಕೆ ಇರುವುದು. ಅದನ್ನು ತಲೆ ಬಿಸಿಯಾದ ದಿನಕ್ಕೆ ಬಳಸಿಬಿಟ್ಟರೆ ಬೇಕಾದಾಗ ಕೈಯಲ್ಲಿ ಇರುವುದಿಲ್ಲ.

ಗಾರ್ಮೆಂಟ್ಸ್, ಫ್ಯಾಕ್ಟರಿ ಕಡೆ ಕೆಲಸ ಮಾಡುವವರ ಕಥೆ ಬೇರೆ. ತಿಂಗಳ ಕೂಲಿ 21,000 ರೂಪಾಯಿ ಒಳಗಿದ್ದರೆ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಇರುತ್ತದೆ. ಇಎಸ್‌ಐ ಡಾಕ್ಟರ್ ವಿಶ್ರಾಂತಿ ಬೇಕು ಅಂತ ಸರ್ಟಿಫಿಕೇಟ್ ಕೊಟ್ಟರೆ, ವಂತಿಗೆಯ ನಿಯಮಕ್ಕೆ ಹೊಂದುವವರಿಗೆ ಕೂಲಿಯ 70 ಶೇಕಡಾದಷ್ಟು ಹಣ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಅಂದರೆ ಒಂದು ದಿನದ ರಜೆಗೆ ಇದು ಉಪಯೋಗಕ್ಕೆ ಬರುವುದಿಲ್ಲ, ನಿಜವಾಗಿ ಕುಸಿದಾಗ ಬರುತ್ತದೆ.

ಡೆಲಿವರಿ ಮಾಡುವವರಿಗೆ, ಆಟೋ ಓಡಿಸುವವರಿಗೆ ರಜೆ ಅಂದರೆ ಅವತ್ತಿನ ದುಡಿಮೆ ಖೋತಾ. ಅವರಿಗೆ ಹೋಗಿ ಧ್ಯಾನ ಮಾಡಿ, ರೆಸ್ಟ್ ತೆಗೆದುಕೊಳ್ಳಿ ಅಂತ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಇನ್ಸೆಂಟಿವ್ ಕಡಿಮೆ ಇರುವ ವಾರದ ನಡುವಿನ ದಿನ ನೋಡಿ, ಮಧ್ಯಾಹ್ನದ ಮೇಲಾದರೂ ಆಪ್ ಆಫ್ ಮಾಡಿ ಅಂತಷ್ಟೇ ಹೇಳಬಲ್ಲೆ.

ಮೆಸೇಜ್ ಹೇಗೆ ಬರೆಯಬೇಕು

ಚಿಕ್ಕದಾಗಿ ಬರೆಯಿರಿ. ಜನ ಎಡವುವುದೇ ಇಲ್ಲಿ. ಒಂದು ದಿನದ ರಜೆಗೆ ಒಂದು ಪುಟದ ವಿವರಣೆ, ನಡುವೆ ಎರಡು ಸಲ "ಸಾರಿ ಸರ್", ಕೊನೆಗೆ "ಏನಾದರೂ ಅರ್ಜೆಂಟ್ ಇದ್ದರೆ ಫೋನ್ ಮಾಡಿ ಸರ್". ಈ ಕೊನೆಯ ಸಾಲು ಬರೆದಿರೋ, ರಜೆ ಹೋಯಿತು ಅಂತಲೇ ತಿಳಿಯಿರಿ. ಅರ್ಜೆಂಟ್ ಇಲ್ಲದ ಕೆಲಸ ಯಾವ ಆಫೀಸಿನಲ್ಲಿದೆ?

ಇಷ್ಟು ಸಾಕು:

"ಸರ್, ವೈಯಕ್ತಿಕ ಕಾರಣಕ್ಕೆ ಬುಧವಾರ ಒಂದು ದಿನ ರಜೆ ಹಾಕುತ್ತಿದ್ದೇನೆ. ರಿಪೋರ್ಟ್ ಮಂಗಳವಾರ ಸಂಜೆ ಕಳಿಸಿರುತ್ತೇನೆ. ಬುಧವಾರ ಕ್ಲೈಂಟ್ ಕಡೆಯಿಂದ ಏನಾದರೂ ಬಂದರೆ ಟೀಮಿನ ಇನ್ನೊಬ್ಬರು ನೋಡಿಕೊಳ್ಳುತ್ತಾರೆ, ಅವರಿಗೆ ಎಲ್ಲಾ ಹೇಳಿದ್ದೇನೆ. ಗುರುವಾರ ಬೆಳಿಗ್ಗೆ ಸಿಗುತ್ತೇನೆ."

ಆ ಇನ್ನೊಬ್ಬರ ಹೆಸರು ಹಾಕಿ, ಅವರನ್ನು ಮೊದಲೇ ಕೇಳಿರಿ. ಬೆಳಿಗ್ಗೆ ಎದ್ದಾಗಲೇ ಆಗುವುದಿಲ್ಲ ಅನ್ನಿಸಿದರೆ ಇನ್ನೂ ಚಿಕ್ಕದು: "ಸರ್, ಇವತ್ತು ಹುಷಾರಿಲ್ಲ, ಬರುವುದಕ್ಕಾಗುವುದಿಲ್ಲ. ನಾಳೆ ಬರುತ್ತೇನೆ." ರಾತ್ರಿಯೆಲ್ಲಾ ನಿದ್ದೆ ಇಲ್ಲದೆ ಹೊರಳಾಡಿದವರು ಹುಷಾರಿಲ್ಲ ಅಂದರೆ ಅದರಲ್ಲಿ ಸುಳ್ಳೇನೂ ಇಲ್ಲ.

ಕಟ್ಟುಕಥೆ ಮಾತ್ರ ಬೇಡ. ಈಗಾಗಲೇ ನಮ್ಮ ಆಫೀಸುಗಳಲ್ಲಿ ಅಜ್ಜಿಯಂದಿರನ್ನು ಮೂರು ಮೂರು ಸಲ ಸಾಯಿಸಿದವರಿದ್ದಾರೆ. ನೀತಿಯ ಮಾತು ಹಾಗಿರಲಿ, ಸುಳ್ಳಿನ ಕಷ್ಟ ಅಂದರೆ ಅದನ್ನು ನೋಡಿಕೊಳ್ಳಬೇಕು. ವಾಂತಿಭೇದಿ ಅಂತ ಹೇಳಿ ಮನೆಯಲ್ಲಿ ಕೂತವನು ಹೊರಗೆ ಒಂದು ದೋಸೆ ತಿನ್ನಲೂ ಹೆದರುತ್ತಾನೆ, ಲಾಲ್‌ಬಾಗ್‌ನಲ್ಲಿ ಯಾರ ಬೆನ್ನು ಕಂಡರೂ ಮ್ಯಾನೇಜರ್ ಇದ್ದಂತೆ ಕಾಣುತ್ತದೆ, ಮರುದಿನ ಎಲ್ಲರೂ ಹೊಟ್ಟೆ ಹೇಗಿದೆ ಅಂತ ವಿಚಾರಿಸುತ್ತಾರೆ. ತಲೆ ಹಗುರ ಮಾಡಿಕೊಳ್ಳಲು ಹಾಕಿದ ರಜೆಗೆ ಇಷ್ಟೆಲ್ಲಾ ಭಾರ ಯಾಕೆ ಅಲ್ವಾ?

ಹಾಗಾದರೆ ಮಾನಸಿಕ ಆರೋಗ್ಯಕ್ಕೆ ರಜೆ ಅಂತ ನೇರವಾಗಿ ಬರೆಯಬಹುದಾ? ಬರೆಯಬಹುದು, ಆದರೆ ನಾನಾದರೆ ಬರೆಯುವುದಿಲ್ಲ. ಕೆಲವು ಕಂಪನಿಗಳಲ್ಲಿ ಪೋಸ್ಟರ್ ಅಂಟಿಸಿರುತ್ತಾರೆ, ವೆಬಿನಾರ್ ಮಾಡುತ್ತಾರೆ, ಅಪ್ರೈಸಲ್ ದಿನ ಬಂದಾಗ ಮಾತ್ರ "ಪ್ರೆಶರ್ ತಡೆಯುತ್ತಾರಾ?" ಅಂತ ಯೋಚಿಸುತ್ತಾರೆ. ನಿಮ್ಮ ಮ್ಯಾನೇಜರ್ ಬೇರೆಯವರ ಇಂಥ ಗುಟ್ಟನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ನೋಡಿ. ನಿಮ್ಮ ಮುಂದೆ ಇನ್ನೊಬ್ಬರ ಕಥೆ ಹೇಳಿದವರು ಇನ್ನೊಬ್ಬರ ಮುಂದೆ ನಿಮ್ಮದನ್ನು ಹೇಳುತ್ತಾರೆ. ನಂಬುವಂಥವರಾದರೆ ಎದುರು ಕೂತು ಹೇಳಿ, ಮೇಲ್‌ನಲ್ಲಿ ಬೇಡ. ಆರು ತಿಂಗಳು ಒಳಗೊಳಗೇ ನುಂಗಿಕೊಂಡು ಒಂದು ದಿನ ರಾಜೀನಾಮೆ ಪತ್ರ ಇಡುವುದಕ್ಕಿಂತ ಅಂಥವರಿಗೆ ಹೇಳುವುದು ಎಷ್ಟೋ ವಾಸಿ.

ಎರಡು ಮೂರು ದಿನ ಮೀರಿದರೆ ಬಹಳ ಕಡೆ ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತಾರೆ. ವಿಶ್ರಾಂತಿ ಬೇಕು, ಇಷ್ಟು ದಿನ ಅಂತ ಡಾಕ್ಟರ್ ಬರೆದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ, ಒಳಗಿನ ವಿವರ ಎಲ್ಲಾ ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಕಂಪನಿ ವಿಮೆಯಲ್ಲಿ ಇದಕ್ಕೆ ಏನೇನು ಸಿಗುತ್ತದೆ ಅಂತ ಒಮ್ಮೆ ಓದಿಟ್ಟುಕೊಳ್ಳಿ.

"ಹೇಗೂ ರಜೆ ತಾನೆ"

ನಿಮ್ಮ ರಜೆಯನ್ನು ತಿಂದುಹಾಕುವ ಮಾತು ಇದು. ಬಾಸ್ ಹೇಳುವುದಲ್ಲ, ಮನೆಯವರು ಹೇಳುವುದು. ಹೇಗೂ ರಜೆ ತಾನೆ, ಬ್ಯಾಂಕಿಗೆ ಹೋಗಿ ಕೆವೈಸಿ ಮುಗಿಸಿಬಿಡು. ಹೇಗೂ ರಜೆ ತಾನೆ, ವಾಷಿಂಗ್ ಮೆಷಿನ್ ರಿಪೇರಿಯವನನ್ನು ಇವತ್ತೇ ಕರಿ. ಹೇಗೂ ರಜೆ ತಾನೆ, ಚಿಕ್ಕಮ್ಮನ ಮನೆಗೆ ಹೋಗಿ ಆ ಡಬ್ಬ ಕೊಟ್ಟು ಬಾ, ಅವರೂ ಬಹಳ ದಿನದಿಂದ ಕೇಳುತ್ತಿದ್ದಾರೆ.

ಹೆಂಗಸರ ವಿಷಯಕ್ಕೆ ಬಂದರೆ ಇದು ಇನ್ನೂ ಜೋರು. ಗಂಡಸು ರಜೆ ಹಾಕಿ ಮಲಗಿದರೆ ಪಾಪ ಸುಸ್ತಾಗಿದ್ದಾನೆ ಅಂತ ಬಾಗಿಲು ಮುಂದೆ ಮಾಡುತ್ತಾರೆ. ಹೆಂಗಸು ರಜೆ ಹಾಕಿದ ದಿನ ಅಟ್ಟದ ಪಾತ್ರೆ ಕೆಳಗೆ ಇಳಿಯುತ್ತದೆ. ಹೊತ್ತು ಹೇಗೆ ಹೋಗುತ್ತದೆ ನೋಡಿ. ಬೆಳಿಗ್ಗೆ ಆಫೀಸಿನ ಅವಸರ ಇಲ್ಲವಲ್ಲ ಅಂತ ಉಪ್ಪಿಟ್ಟಿನ ಬದಲು ಅಕ್ಕಿರೊಟ್ಟಿ, ಅದಕ್ಕೊಂದು ಚಟ್ನಿ. ಎಲ್ಲರೂ ತಿಂದು ಹೋದ ಮೇಲೆ ಹತ್ತೂವರೆಗೆ ಫ್ರಿಡ್ಜ್ ಬಾಗಿಲು ತೆಗೆದರೆ ಕೆಳಗಿನ ಟ್ರೇಯಲ್ಲಿ ಕೊತ್ತಂಬರಿ ಸೊಪ್ಪು ಕೊಳೆತು ನೀರಾಗಿದೆ. ಅದನ್ನು ತೆಗೆಯಲು ಹೋದವರು ಇಡೀ ಫ್ರಿಡ್ಜ್ ತೊಳೆಯುತ್ತಾರೆ. ಆಮೇಲೆ ಒಣಗಿದ ಬಟ್ಟೆ ಮಡಚುವುದು, ಮಗುವಿನ ಯೂನಿಫಾರಂ ಗುಂಡಿ, ಮೂರಕ್ಕೆ ಸ್ಕೂಲ್ ವ್ಯಾನ್. ಸಂಜೆ ಯಾರೋ ಬಂದು "ಇಡೀ ದಿನ ಮನೆಯಲ್ಲಿ ಆರಾಮಾಗಿ ಇದ್ದೆಯಲ್ಲ" ಅನ್ನುತ್ತಾರೆ. ಇದಕ್ಕಿಂತ ಆಫೀಸಿಗೆ ಹೋಗಿದ್ದರೆ ಎಸಿಯಲ್ಲಿ ಕೂತು ಕಾಫಿಯಾದರೂ ಬಿಸಿಯಾಗಿ ಕುಡಿಯಬಹುದಿತ್ತು.

ಏನು ಮಾಡುವುದು? ಒಂದು ದಾರಿ, ಹಿಂದಿನ ರಾತ್ರಿಯೇ ಹೇಳಿಬಿಡುವುದು. ಬೆಳಿಗ್ಗೆ ಹೇಳಿದರೆ ಜಗಳ, ರಾತ್ರಿ ಹೇಳಿದರೆ ಬರೀ ಸುದ್ದಿ. ಕೋಪ ಇಲ್ಲದೆ, ಎಷ್ಟು ಹೊತ್ತಿನ ತನಕ ಅಂತಲೂ ಸೇರಿಸಿ ಹೇಳಿ:

"ಅತ್ತೆ, ನಾಳೆ ನಾನು ರಜೆ ಹಾಕಿದ್ದೀನಿ. ತಲೆ ತುಂಬಾ ದಣಿದಿದೆ. ಸಂಜೆ ಐದರ ತನಕ ನಾನು ಆಫೀಸಿಗೆ ಹೋಗಿದ್ದೀನಿ ಅಂತಲೇ ಅಂದುಕೊಳ್ಳಿ."

"ಹುಷಾರಿಲ್ವೇನಮ್ಮಾ? ಡಾಕ್ಟರ್ ಹತ್ರ ಹೋಗೋದಲ್ವಾ?"

"ಒಂದು ದಿನ ಸುಮ್ನೆ ಇದ್ದರೆ ಸರಿಹೋಗುತ್ತೆ ಅತ್ತೆ. ಅಡುಗೆ ದಿನದ ಹಾಗೇ ಬೆಳಿಗ್ಗೆ ಮಾಡಿಟ್ಟುಬಿಡ್ತೀನಿ."

"ಸರಿ, ಮಲಗು. ಆ ಹಪ್ಪಳದ ಹಿಟ್ಟು ಮಾತ್ರ..."

"ಭಾನುವಾರ ಮಾಡೋಣ ಅತ್ತೆ."

ಹೊತ್ತು ಹೇಳಿರುವುದನ್ನು ಗಮನಿಸಿ. ಇಡೀ ದಿನ ಏನೂ ಮಾಡುವುದಿಲ್ಲ ಅಂದರೆ ಯಾರಿಗೂ ಹಿಡಿಸುವುದಿಲ್ಲ. ಐದರ ತನಕ ಅಂದರೆ ಒಪ್ಪುತ್ತಾರೆ, ಯಾಕೆಂದರೆ ಹೇಗೂ ದಿನವೂ ಐದರ ತನಕ ನೀವಿಲ್ಲದೆಯೇ ಮನೆ ನಡೆಯುತ್ತದೆ.

ಇನ್ನೊಂದು ದಾರಿ, ದಿನದ ಹೊತ್ತಿಗೇ ಬ್ಯಾಗ್ ಹಾಕಿಕೊಂಡು ಹೊರಟುಬಿಡುವುದು. ಇದನ್ನು ಮಾಡುವವರು ಬಹಳ ಜನ ಇದ್ದಾರೆ, ಯಾರೂ ಹೇಳುವುದಿಲ್ಲ ಅಷ್ಟೇ. ಗಂಡನಿಗೋ ಹೆಂಡತಿಗೋ ಒಂದು ಮಾತು ಹೇಳಿರಿ, ಮಿಕ್ಕವರಿಗೆ ಗೊತ್ತಾಗದಿದ್ದರೂ ನಡೆಯುತ್ತದೆ. ಮನೆಯಲ್ಲಿ ರಿಟೈರ್ ಆದ ಅಪ್ಪ ಇದ್ದರಂತೂ ಇದೇ ವಾಸಿ. ನೀವು ಹತ್ತು ಗಂಟೆಗೆ ಲುಂಗಿಯಲ್ಲಿ ಕಂಡರೆ "ಯಾಕೋ, ಕೆಲಸ ಏನಾದರೂ ಹೋಯಿತೇನೋ?" ಅಂತ ಕೇಳಿ, ತಾವು ಮೂವತ್ತು ವರ್ಷ ರಜೆ ಹಾಕದೆ ದುಡಿದು ಗಳಿಕೆ ರಜೆಯ ದುಡ್ಡಲ್ಲಿ ಸೈಟಿಗೆ ಕಾಂಪೌಂಡ್ ಕಟ್ಟಿಸಿದ ಕಥೆ ಶುರುಮಾಡುತ್ತಾರೆ.

ಸುಮ್ನೆ ಒಂದು ಮಾತು. ನಿಮಗೆ ರಜೆ ಸಿಕ್ಕ ದಿನ ಮನೆಗೆಲಸಕ್ಕೆ ಬರುವ ಅಕ್ಕನ ನೆನಪೂ ಇರಲಿ. ಅವರಿಗೆ ವಾರಕ್ಕೊಂದು ದಿನ ಸಂಬಳ ಕಡಿಯದೆ ರಜೆ ಕೊಡುತ್ತಿದ್ದೀರಾ?

ಫೋನು

ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನೆಂಟಾಗ್ ವರ್ಷಗಳಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. ಕೆಲಸ ಮುಗಿದ ಮೇಲೆ ಜನ ಹೇಗೆ ಚೇತರಿಸಿಕೊಳ್ಳುತ್ತಾರೆ ಅನ್ನುವುದು ಅವರ ವಿಷಯ. ಅವರು ಒತ್ತಿ ಹೇಳುವುದು, ಮೈ ಆಫೀಸಿನಿಂದ ಹೊರಗೆ ಬಂದರೆ ಸಾಲದು, ತಲೆಯೂ ಬರಬೇಕು. ಗ್ರೂಪಿನಲ್ಲಿ ಬಂದ ಮೆಸೇಜಿಗೆ ನೀವು ಉತ್ತರ ಕೊಡದಿರಬಹುದು, ಓದಿದರೆ ಸಾಕು, ಆಮೇಲಿನ ಒಂದು ಗಂಟೆ ತಲೆಯೊಳಗೆ ಉತ್ತರ ಬರೆಯುತ್ತಲೇ ಇರುತ್ತೀರಿ.

ಆದ್ದರಿಂದ ಓದದ ಹಾಗೆ ಮಾಡಿಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿಯವರು ವರ್ಕ್ ಪ್ರೊಫೈಲ್ ಹಾಕಿಕೊಟ್ಟಿದ್ದರೆ ಅದನ್ನು ಪಾಜ್ ಮಾಡುವ ಬಟನ್ ಇದೆ, ಒತ್ತಿದರೆ ಆಫೀಸಿನ ಆಪ್‌ಗಳೆಲ್ಲಾ ಒಟ್ಟಿಗೇ ಮಲಗುತ್ತವೆ. ವಾಟ್ಸಾಪ್ ಗ್ರೂಪುಗಳನ್ನು ಬೆಳಿಗ್ಗೆಯೇ 8 ತಾಸಿನ ಮ್ಯೂಟ್‌ಗೆ ಹಾಕಿ ಆರ್ಕೈವ್ ಮಾಡಿ. ಮೇಲ್‌ಗೆ ಔಟ್ ಆಫ್ ಆಫೀಸ್ ಹಿಂದಿನ ಸಂಜೆಯೇ ಹಾಕಿ, ಅದರಲ್ಲಿ ನಿಮ್ಮ ನಂಬರ್ ಕೊಡಬೇಡಿ. ಆದರೂ ಫೋನ್ ಬಂತಾ? ಎತ್ತಬೇಡಿ. ನಿಜವಾಗಿ ಬೆಂಕಿ ಬಿದ್ದಿದ್ದರೆ ಎರಡನೇ ಸಲ ಮಾಡುತ್ತಾರೆ. ಬಹಳಷ್ಟು ಸಲ ಎರಡನೆಯದು ಬರುವುದೇ ಇಲ್ಲ, ಫೈಲ್ ಎಲ್ಲಿದೆ ಅಂತ ಅವರೇ ಹುಡುಕಿಕೊಂಡಿರುತ್ತಾರೆ.

ಆ ದಿನ ಏನು ಮಾಡಬೇಕು

ನಿಮ್ಮ ದಣಿವು ಎಲ್ಲಿಂದ ಬಂತು ಅಂತ ನೋಡಿ, ಅದಕ್ಕೆ ಉಲ್ಟಾ ಮಾಡಿ. ದಿನವಿಡೀ ಮಾತಾಡುವ ಕೆಲಸ ಇದೆಯಲ್ಲ, ಟೀಚರ್, ನರ್ಸ್, ಕಾಲ್ ಸೆಂಟರ್, ಬ್ಯಾಂಕಿನ ಕೌಂಟರ್, ಇವರಿಗೆ ಬೇಕಿರುವುದು ಯಾರೂ ಏನೂ ಕೇಳದ ಕೆಲವು ಗಂಟೆ. ಒಬ್ಬರೇ ಇರಿ. ಆದರೆ ಪಿಜಿ ರೂಮಿನಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವರ್ಕ್ ಫ್ರಮ್ ಹೋಮ್ ಮಾಡುವ ಹುಡುಗನಿಗೆ ಇದನ್ನೇ ಹೇಳಿದರೆ ಇನ್ನಷ್ಟು ಕುಗ್ಗುತ್ತಾನೆ. ಮೂರು ದಿನದಿಂದ ಅವನು ಎದುರಾಎದುರು ಮಾತಾಡಿದ್ದು ಊಟ ತಂದುಕೊಟ್ಟವನ ಜೊತೆ ಮಾತ್ರ. ಅವನು ಗೆಳೆಯನ ಮನೆಗೆ ಹೋಗಬೇಕು, ಯಾರದ್ದಾದರೂ ಮನೆಯ ಅನ್ನ ಸಾರು ತಿನ್ನಬೇಕು, ಸಂಜೆ ಗಲ್ಲಿಯಲ್ಲಿ ಕ್ರಿಕೆಟ್ ಆಡಬೇಕು. ತಲೆಯ ಕೆಲಸ ಮಾಡುವವರು ಕೈಯ ಕೆಲಸ ಹಿಡಿಯಲಿ, ಕುಂಡಕ್ಕೆ ಮಣ್ಣು ಹಾಕಲಿ, ಸೈಕಲ್ ಒರೆಸಲಿ. ದಿನವಿಡೀ ನಿಂತು ದುಡಿಯುವವರು ಕಾಲು ಚಾಚಿ ಮಲಗಲಿ.

ಏಳುವ ಹೊತ್ತನ್ನು ತೀರಾ ಬದಲಿಸಬೇಡಿ. ಒಂದು ಗಂಟೆ ಜಾಸ್ತಿ ಮಲಗಿ, ಮಧ್ಯಾಹ್ನ ಹನ್ನೆರಡರವರೆಗೆ ಮಲಗಿದರೆ ರಾತ್ರಿ ನಿದ್ದೆ ಬಾರದೆ ಮರುದಿನ ಇನ್ನೂ ಹಾಳು. ರೀಲ್ಸ್ ನೋಡುತ್ತಾ ಕೂತರೆ ಸಂಜೆಯ ಹೊತ್ತಿಗೆ ಕಣ್ಣು ಉರಿ, ಕತ್ತು ನೋವು, ಒಂದು ದಿನ ಎಲ್ಲಿ ಹೋಯಿತು ಅಂತ ಸಂಕಟ. ಕಾರು ತೆಗೆದುಕೊಂಡು ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಅದೇ ದಿನ ವಾಪಸ್ ಬರುವ ಸಾಹಸ ರಜೆಯೇ ಅಲ್ಲ, ಅದು ಡ್ರೈವರ್ ಕೆಲಸ.

ಹೊರಗೆ ಹೋಗುವುದಾದರೆ ಹತ್ತಿರದ್ದು ಸಾಕು. ಲಾಲ್‌ಬಾಗ್‌ನ ಬಂಡೆಯ ಮೇಲೆ ಭಾನುವಾರ ಸೆಲ್ಫಿ ಗುಂಪುಗಳ ಜಾತ್ರೆ. ವಾರದ ನಡುವೆ ಬೆಳಿಗ್ಗೆ ಹತ್ತರ ಮೇಲೆ ಹೋಗಿ, ವಾಕಿಂಗಿನವರೂ ಹೊರಟುಹೋಗಿರುತ್ತಾರೆ. ಆ ಕಲ್ಲಿನ ವಯಸ್ಸು 300 ಕೋಟಿ ವರ್ಷದ ಆಸುಪಾಸು ಅನ್ನುತ್ತಾರೆ ಭೂವಿಜ್ಞಾನಿಗಳು. ಅದರ ಮೇಲೆ ಕೂತು ನಿಮ್ಮ ಶುಕ್ರವಾರದ ಡೆಡ್‌ಲೈನ್ ನೆನೆಸಿಕೊಳ್ಳಿ, ನಗು ಬರುತ್ತದೆ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗುವುದಾದರೆ ಸೋಮವಾರ ಬಾಗಿಲು ಹಾಕಿರುತ್ತದೆ, ಬೇರೆ ದಿನ ನೋಡಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಧಾರವಾಡದವರಿಗೆ ಸಾಧನಕೇರಿ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಮಂಗಳೂರಿನವರಿಗೆ ತಣ್ಣೀರುಬಾವಿ, ನಾನು ಹೇಳಬೇಕಾಗಿಲ್ಲ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆಧಾರ್ ಕಾರ್ಡ್ ಹಿಡಿದು ಯಾವುದಾದರೂ ಸಾಮಾನ್ಯ ಬಸ್ಸು ಹತ್ತಿ, ಕಿಟಕಿ ಸೀಟು ಹಿಡಿದು, ಕೊನೆಯ ಸ್ಟಾಪ್‌ವರೆಗೆ ಹೋಗಿ ಒಂದು ಟೀ ಕುಡಿದು ಅದೇ ಬಸ್ಸಿನಲ್ಲಿ ವಾಪಸ್ ಬನ್ನಿ. ಖರ್ಚು ಟೀ ದುಡ್ಡು.

ಏನೂ ಮಾಡದಿದ್ದರೂ ಸರಿ. ರಜೆಯನ್ನೂ ಒಂದು ಪ್ರಾಜೆಕ್ಟ್ ಮಾಡಿಕೊಂಡು, ಆರಕ್ಕೆ ಯೋಗ, ಏಳಕ್ಕೆ ಜರ್ನಲ್, ಎಂಟಕ್ಕೆ ಧ್ಯಾನ ಅಂತ ಪಟ್ಟಿ ಹಾಕುವವರನ್ನು ಕಂಡರೆ ನನಗೇ ಸುಸ್ತಾಗುತ್ತದೆ.

ಮರುದಿನ

ಆಫೀಸಿಗೆ ಹೋದ ಮೊದಲ ಅರ್ಧ ಗಂಟೆ ಯಾವ ಮೀಟಿಂಗೂ ಇಟ್ಟುಕೊಳ್ಳಬೇಡಿ. ಮೇಲ್ ಓದುವಾಗ ಹೊಸದರಿಂದ ಹಳೆಯದಕ್ಕೆ ಹೋಗಿ, ಅರ್ಧ ಗಲಾಟೆ ನೀವಿಲ್ಲದೆಯೇ ಮುಗಿದಿರುತ್ತದೆ. ಒಂದು ದಿನ ಹೋಯಿತು ಅಂತ ರಾತ್ರಿ ಒಂಬತ್ತರವರೆಗೆ ಕೂತು ತೀರಿಸಲು ಹೋಗಬೇಡಿ, ಹಾಗೆ ಮಾಡಿದರೆ ರಜೆಗೆ ಬಡ್ಡಿ ಕಟ್ಟಿದಂತೆ. ಯಾರಾದರೂ "ಏನಾಗಿತ್ತು?" ಅಂದರೆ "ಏನಿಲ್ಲ, ಈಗ ಪರವಾಗಿಲ್ಲ" ಸಾಕು.

ರಜೆಯಿಂದ ಬಂದ ಹುರುಪು ಉಳಿಯುವುದು ಕೆಲವೇ ದಿನ. ಉದ್ದನೆಯ ರಜೆ ಹಾಕಿದವರಲ್ಲೂ ಅದು ಕೆಲವು ವಾರದಲ್ಲಿ ಇಳಿದುಹೋಗುತ್ತದೆ ಅಂತ ಸಂಶೋಧಕರು ಕಂಡಿದ್ದಾರೆ. ಹಾಗಾಗಿ ವರ್ಷಕ್ಕೊಮ್ಮೆ ಹತ್ತು ದಿನ ಒಟ್ಟಿಗೆ ಹಾಕುವವರೂ ನಡುನಡುವೆ ಒಂದೊಂದು ದಿನ ಉಳಿಸಿಕೊಳ್ಳಲಿ. ಜನವರಿಯಲ್ಲೇ ಕ್ಯಾಲೆಂಡರ್ ತೆಗೆದು, ಹಬ್ಬವೇ ಇಲ್ಲದ ಉದ್ದನೆಯ ತಿಂಗಳು ಯಾವುದು ಅಂತ ನೋಡಿ ಅಲ್ಲೊಂದು ಗುರುತು ಹಾಕಿಡಿ. ಡಿಸೆಂಬರ್‌ನಲ್ಲಿ ಎಲ್ಲರೂ ಉಳಿದ ಸಿಎಲ್ ಮುಗಿಸಲು ಸಾಲು ನಿಂತಾಗ ನಿಮಗೆ ಸಿಗುವುದಿಲ್ಲ.

ಮೂರನೇ ಸಲವೂ ಅದೇ ಕಾರಣಕ್ಕೆ ರಜೆ ಬೇಕಾಯಿತು ಅಂದರೆ ತೊಂದರೆ ನಿಮ್ಮಲ್ಲಿಲ್ಲ. ಆಗ ಒಂದೇ ಒಂದು ವಿಷಯ ಹಿಡಿದು ಕೇಳಿ. ಕೆಲಸ ಜಾಸ್ತಿ ಅಂದರೆ ಯಾರೂ ಏನೂ ಮಾಡುವುದಿಲ್ಲ. ರಾತ್ರಿ ಹತ್ತರ ಕಾಲ್ ವಾರಕ್ಕೆ ಎರಡೇ ಇರಲಿ, ಅಥವಾ ಎರಡು ಕ್ಲೈಂಟಿನಲ್ಲಿ ಒಂದನ್ನು ಬೇರೆಯವರಿಗೆ ಕೊಡಿ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಇಲ್ಲ ಅಂದರೂ ನಿಮಗೆ ಒಂದು ವಿಷಯ ಗೊತ್ತಾಯಿತು, ಬೇರೆ ಕಡೆ ರೆಸ್ಯೂಮೆ ಕಳಿಸಬಹುದು. ರಜೆ ಕೊಡುವುದಿಲ್ಲ ಅಂತ ಬಾಯಲ್ಲಿ ಹೇಳಿದರೆ ಅದನ್ನು ಮೇಲ್‌ನಲ್ಲಿ ಬರೆದು ಕೇಳಿ. ಬರವಣಿಗೆಯಲ್ಲಿ ಇಲ್ಲ ಅನ್ನಲು ಬಹಳ ಜನ ಹಿಂಜರಿಯುತ್ತಾರೆ.

ಕೊನೆಗೆ, ನೀವೇ ಟೀಮ್ ಲೀಡ್ ಆಗಿದ್ದರೆ. ಖಿನ್ನತೆ ಮತ್ತು ಆತಂಕದಿಂದ ಪ್ರಪಂಚದಲ್ಲಿ ವರ್ಷಕ್ಕೆ 1200 ಕೋಟಿ ಕೆಲಸದ ದಿನ ಹಾಳಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಅಂದಾಜು ಕೊಟ್ಟಿದ್ದವು. ಅದರ ಮುಂದೆ ನಿಮ್ಮ ಹುಡುಗನ ಒಂದು ಬುಧವಾರ ಏನೂ ಅಲ್ಲ. ನೀವೂ ಆಗಾಗ ರಜೆ ಹಾಕಿ, ನೀವು ಹಾಕಿದರೆ ಉಳಿದವರಿಗೂ ಧೈರ್ಯ ಬರುತ್ತದೆ. ಮತ್ತು "ಮೇಡಂ, ನಾಳೆ ಒಂದು ದಿನ ರಜೆ ಬೇಕಿತ್ತು" ಅಂತ ಮೆಸೇಜ್ ಬಂದಾಗ "ಸರಿ, ಆರಾಮ್ ಮಾಡಿ" ಅಂತ ಬರೆದು ಅಲ್ಲಿಗೇ ನಿಲ್ಲಿಸಿ. "ಫೋನಲ್ಲಿ ಸಿಗ್ತೀರಲ್ಲ?" ಅಂತ ಇನ್ನೊಂದು ಸಾಲು ಸೇರಿಸಬೇಡಿ.